ತಂತಿ ಹರಿಯದ ಗಿಟಾರು

ಪಾಠ ಹೇಳುವುದು ಸುಲಭ, ಹೇಳಿದ್ದನ್ನು ಮನೆಯಲ್ಲಿ ಮಾಡಿ ತೋರಿಸುವುದು ಕಷ್ಟ. ಈ ಸತ್ಯವನ್ನು ಮಕ್ಕಳಿಂದ ಮುಚ್ಚಿಟ್ಟೇ ತಿಪಟೂರಿನ ಹೈಸ್ಕೂಲಿನಲ್ಲಿ ಅಷ್ಟು ವರ್ಷ ವಿಜ್ಞಾನದ ಮೇಷ್ಟ್ರಾಗಿ ಸಂಬಳ ತೆಗೆದುಕೊಂಡೆ. ಎಂಬತ್ತರ ದಶಕದಲ್ಲಿ ನಾನು ಊರಿನ ಆರ್ಕೆಸ್ಟ್ರಾದ ಏಕೈಕ ಗಿಟಾರ್ ವಾದಕನೂ ಆಗಿದ್ದೆ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದ ಎಲೆಕ್ಟ್ರಿಕ್ ಗಿಟಾರು. ಎರಡನೇ ಹಾಡಿಗೆ ಅದರ ಸಣ್ಣ ತಂತಿ ಟಣ್ಣೆಂದು ಹರಿಯುವುದು, ನಾನು ಆಕಾಶ ನೋಡಿ ನಿಟ್ಟುಸಿರು ಬಿಡುವುದು, ಜನ 'ಪಾಪ' ಎನ್ನುವುದು ಕಾರ್ಯಕ್ರಮದ ಭಾಗವೇ ಆಗಿಬಿಟ್ಟಿತ್ತು. ಕೊನೆಗೆ ಆರ್ಕೆಸ್ಟ್ರಾ ನಡೆಸುತ್ತಿದ್ದ ಫೋಟೋ ಸ್ಟುಡಿಯೋದ ರುದ್ರೇಶ, ಹೊನ್ನವಳ್ಳಿಯ ಗಣೇಶೋತ್ಸವದಲ್ಲೂ ಹೀಗೇ ಆದರೆ ನನ್ನ ಜಾಗಕ್ಕೆ ತನ್ನ ಭಾವಮೈದನನ್ನು ಕರೆಸುವುದಾಗಿ ಹೇಳಿದ. ನನಗೆ ಎರಡು ದಿನ ಅನ್ನ ಸೇರಲಿಲ್ಲ.

ಮೊದಲು ನನ್ನ ವಿಜ್ಞಾನವನ್ನೇ ಪ್ರಯೋಗಿಸಿದೆ. ಹವೆ, ತೇವಾಂಶ, ತಂತಿಯ ಕಂಪನಿ ಹೀಗೆ ಎಲ್ಲವನ್ನೂ ಬೈದು ನೋಡಿದ್ದಾಯಿತು. ನಮ್ಮಮ್ಮನ ದಾರಿಯೇ ಬೇರೆ. ಕೊಬ್ಬರಿಗೆಂದು ಅಟ್ಟದ ಮೇಲೆ ಹಾಕಿದ ತೆಂಗಿನಕಾಯಿಯನ್ನು ಕೆದಕಿದವರು ಯಾರೂ ಉದ್ಧಾರವಾಗಿಲ್ಲವೆಂಬುದು ಅವಳ ನಂಬಿಕೆ. "ಕಾಯಿ ವರ್ಷ ಮುಟ್ಟದೆ ಬುಟ್ರೆ ತಾನೇ ಕೊಬ್ಬರಿ ಆಗಲ್ವಾ? ಇದ್ನೂ ಹಂಗೇ ಬುಡು ಕಣಪ್ಪ" ಎಂದು ಗಿಟಾರನ್ನು ಕಾಯಿಗಳ ನಡುವೆ ಮಲಗಿಸಿದಳು. ವರ್ಷ ಕಾಯುವಂತಿರಲಿಲ್ಲ, ಹದಿನೈದು ದಿನಕ್ಕೇ ಇಳಿಸಿದೆ. ಕೆಳಗಿನ ಒಲೆಯ ಹೊಗೆ ಕುಡಿದ ತಂತಿಗಳೆಲ್ಲ ತುಕ್ಕು ಹಿಡಿದಿದ್ದವು. ಈಗ ಮೊದಲನೇ ಹಾಡಿಗೇ ಹರಿಯತೊಡಗಿದವು.

ಕೊನೆಗೆ ಪಂಪ್‌ಸೆಟ್ ಮೋಟರಿಗೆ ವೈಂಡಿಂಗ್ ಮಾಡುವ ಸಿದ್ದಪ್ಪನ ಬಳಿ ಹೋದೆ. ಕಲೆಯ ಗಂಧವಿಲ್ಲದ ಆ ಮನುಷ್ಯ ಕೇಳಿದ್ದು ಒಂದೇ ಪ್ರಶ್ನೆ: "ದಿನಾ ಒಂದೇ ಜಾಗದಾಗೆ ತುಂಡಾಯ್ತದಾ ಮೇಷ್ಟ್ರೇ?" ನಾನು ಅದನ್ನು ನೋಡಿಯೇ ಇರಲಿಲ್ಲ. ತಂತಿ ಕೂರುವ ಕಬ್ಬಿಣದ ಪಟ್ಟಿಯ ಮೇಲೆ ಅವನು ಬೆರಳಾಡಿಸಿದ. ಅಲ್ಲೊಂದು ಸಣ್ಣ ಚೂಪು ಮೊನೆ ಸಿಕ್ಕಿತು. ಉಪ್ಪುಕಾಗದದಿಂದ ನಾಲ್ಕು ಸಲ ಉಜ್ಜಿ, ಮತ್ತೆ ಮೋಟರಿನ ಕಡೆ ತಿರುಗಿ ಕೂತ.

ಹೊಸ ತಂತಿ ಹಾಕಿಕೊಂಡು ಹೊನ್ನವಳ್ಳಿಯಲ್ಲಿ ಹದಿನಾಲ್ಕು ಹಾಡು ನುಡಿಸಿದೆ. ಒಂದು ತಂತಿಯೂ ಹರಿಯಲಿಲ್ಲ, ಯಾರೂ 'ಪಾಪ' ಎನ್ನಲಿಲ್ಲ. ಮಾರನೆಯ ದಿನ ರುದ್ರೇಶ ಮನೆಗೇ ಬಂದು, ಕಾಫಿ ಕುಡಿದು, ಮೊದಲು ಎರಡನೇ ಹಾಡಿಗೇ ಹರಿಯುತ್ತಿದ್ದ ಆ ತಂತಿ ಈಗಲೂ ಸಿಗುತ್ತದೆಯೇ ಎಂದು ವಿಚಾರಿಸಿದ. ದೋಷ ತಂತಿಯದಾಗಿರಲಿಲ್ಲ ಎಂದು ವಿವರಿಸಿದೆ.

"ಅದು ನೆನ್ನೆ ಹೊನ್ನವಳ್ಳಿಯೋರ್ಗೆಲ್ಲಾ ಗೊತ್ತಾಯ್ತು ಬುಡಿ ಮೇಷ್ಟ್ರೇ" ಎಂದು, ಭಾವಮೈದ ಸೋಮವಾರದ ಬಸ್ಸಿಗೆ ಬರುತ್ತಿರುವುದನ್ನು ವಿನಯದಿಂದ ತಿಳಿಸಿದ. ಗಿಟಾರು ಮಾತ್ರ ನನ್ನದೇ ಬೇಕಂತೆ. ಅಷ್ಟು ಒಳ್ಳೆಯ ಗಿಟಾರು ಜಿಲ್ಲೆಯಲ್ಲೇ ಇಲ್ಲವಂತೆ.