ಬಲಗಡೆ ಹೆಡ್‌ಲೈಟಿನಲ್ಲಿ ಬಿಡಾರ ಹೂಡಿರುವ ಜೇಡರವರ ಸನ್ನಿಧಿಗೆ

ಗೆ,
ಶ್ರೀಯುತ ಅಥವಾ ಶ್ರೀಮತಿ ಜೇಡರವರು,
ಮೇಲಿನ ಮೂಲೆ, ಬಲ್ಬಿನ ಪಕ್ಕ,
ಬಲಗಡೆಯ ಹೆಡ್‌ಲೈಟು,
ನಮ್ಮ ಅಕ್ಕನ ಕಾರು.

ವಿಷಯ: ನಾಳೆ ಶುಕ್ರವಾರ ಬೆಳಗ್ಗೆ ಹತ್ತು ಗಂಟೆಯೊಳಗೆ, ಯಾವ ತೂತಿನಿಂದಲೂ ಹೊರಬರದೆ, ತಾವು ಹೊರಗೆ ಬರುವ ಕುರಿತು.

ಮಾನ್ಯರೇ,

ತಾವೂ ತಮ್ಮ ಬಲೆಯೂ ಕ್ಷೇಮವಾಗಿರುವುದನ್ನು ನಾನೇ ಉಜ್ಜಿ ಹೊಳಪು ಕೊಟ್ಟ ಗಾಜಿನ ಮೂಲಕ ಕಣ್ಣಾರೆ ಕಂಡು ಪರಮ ಸಂತೋಷವಾಯಿತು. ಎಡಗೈ ಹೆಬ್ಬೆರಳೊಂದನ್ನು ಬಿಟ್ಟರೆ ನಾನೂ ಕ್ಷೇಮ. ಅದು ಅಂಟಿನ ಡಬ್ಬಿಗೆ ಹತ್ತಿಕೊಂಡು ಎರಡು ದಿನವಾಯಿತು. ಆದ್ದರಿಂದ ಈ ಪತ್ರವನ್ನು ಡಬ್ಬಿಯ ಸಮೇತ ಕುಳಿತು ಬರೆಯುತ್ತಿದ್ದೇನೆ. ಸಾಲು ಅಲ್ಲಲ್ಲಿ ಸೊಟ್ಟಗಾಗಿದ್ದರೆ ಅದು ಡಬ್ಬಿಯ ದೋಷವೇ ಹೊರತು ನನ್ನದಲ್ಲ. ಒಬ್ಬರೇ ಮೇಷ್ಟ್ರಿದ್ದ ಹಳ್ಳಿಶಾಲೆಯಲ್ಲಿ ಏಳು ವರ್ಷ ಕಲಿತವನು ನಾನು; ಆ ಏಳು ವರ್ಷವೂ ಎಲ್ಲ ಮಕ್ಕಳ ರಜೆ ಅರ್ಜಿ ಬರೆದವನು ನಾನೇ, ಮೇಷ್ಟ್ರ ರಜೆ ಅರ್ಜಿಯನ್ನೂ ಸೇರಿಸಿ. ನನ್ನ ಅರ್ಜಿಗೆ ಆಗುವುದಿಲ್ಲ ಎಂದವರು ಇದುವರೆಗೆ ಹುಟ್ಟಿಲ್ಲ. ಮೊಟ್ಟೆಯೊಡೆದೂ ಬಂದಿಲ್ಲವೆಂಬ ನಂಬಿಕೆಯ ಮೇಲೆ ತಮಗೆ ಬರೆಯುತ್ತಿದ್ದೇನೆ. ಸುತ್ತಮುತ್ತಲಿನವರಿಗೂ ವಿಷಯ ತಿಳಿಯಲೆಂದು ಇದನ್ನು ಗ್ಯಾರೇಜಿನ ಬಾಗಿಲಿಗೆ, ತಮ್ಮ ದೀಪಕ್ಕೆ ಎದುರಾಗಿ, ತಮಗೆ ಓದಲು ಅನುಕೂಲವಾಗುವ ಎತ್ತರದಲ್ಲಿ ಅಂಟಿಸಲಾಗುವುದು. ಅಂಟಿಗೆ ಸದ್ಯಕ್ಕೆ ಕೊರತೆಯಿಲ್ಲ.

ತಾವು ಬಿಡಾರ ಹೂಡಿರುವ ಜಾಗ ಎಂಥದೆಂದು ತಮಗೆ ತಿಳಿದಿರಲಾರದು. ಅದು ನನ್ನ ಅಕ್ಕನ ಹೊಟ್ಟೆಪಾಡು. ಅಕ್ಕ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟುವ ದಾದಿ. ದಿನಕ್ಕೆ ಹನ್ನೊಂದು ಮನೆ, ದಿಕ್ಕಿಗೊಂದು, ನಡುವೆ ಬಸ್ಸಿಲ್ಲ. ಕಾರು ನಿಂತರೆ ಹನ್ನೊಂದು ಪಟ್ಟಿಗಳೂ ಹಾಗೇ ಉಳಿಯುತ್ತವೆ, ಅಕ್ಕನ ಕೆಲಸ ಮಾತ್ರ ಉಳಿಯುವುದಿಲ್ಲ. ಆ ಕಾರಿನ ದೀಪಗಳು ಹದಿನಾರು ವರ್ಷದ ಬಿಸಿಲು ಕುಡಿದು, ತಂಬಾಕು ಜಗಿಯುವವರ ಹಲ್ಲಿನಂತಾಗಿದ್ದವು. ಎರಡು ವಾರದ ಹಿಂದೆ ವಾಹನ ತಪಾಸಣೆಗೆ ಹೋದಾಗ ಇನ್‌ಸ್ಪೆಕ್ಟರು ದೀಪ ಹಾಕಿ ಎಂದರು. ಹಾಕಿದ್ದೇನೆ ಎಂದಳು ಅಕ್ಕ. ಹಾಕಿ ಅಂದೆನಲ್ಲಮ್ಮ ಎಂದು ಅವರು ಇನ್ನೊಮ್ಮೆ ಹೇಳಿ, ಹತ್ತಿರ ಬಂದು ಗಾಜಿಗೆ ಕಣ್ಣಿಟ್ಟು ನೋಡಿ, ನಪಾಸು ಎಂದು ಬರೆದರು. ಕೊಟ್ಟ ಗಡುವು ನಾಳೆಗೆ ಮುಗಿಯುತ್ತದೆ, ಹತ್ತು ಗಂಟೆಗೆ ಮರುತಪಾಸಣೆ. ನಾಳೆಯೂ ನಪಾಸಾದರೆ ನಂಬರ್ ಪ್ಲೇಟು ಬಿಚ್ಚಿಕೊಂಡು ಕಳಿಸುತ್ತಾರೆ.

ಬೀದಿಯ ಕೊನೆಯ ಮೆಕ್ಯಾನಿಕ್ಕು ಹೊಸ ದೀಪ ಹಾಕಿಸಿಬಿಡಿ ಎಂದಿದ್ದ. ಅಕ್ಕ ಒಪ್ಪುವವಳೇ ಇದ್ದಳು. ಆಗ ನಾನು ಊಟದ ಮೇಜಿನ ಮುಂದೆ, ಎಲ್ಲರ ಎದುರಿಗೆ ಎದೆ ತಟ್ಟಿಕೊಂಡು, ನಾನು ಬದುಕಿರುವಾಗ ಈ ಮನೆಗೆ ಹೊಸ ದೀಪ ಬರುವುದು ಅವಮಾನ, ಹಳೆಯದನ್ನೇ ಬಿಚ್ಚಿ, ತೊಳೆದು, ಮತ್ತೆ ಮುಚ್ಚಿ ಕೊಡುತ್ತೇನೆ ಎಂದು ಘೋಷಿಸಿದೆ. "ಲೋ, ನೀನು ರಿಪೇರಿ ಮಾಡಿದ ಗೋಡೆ ಗಡಿಯಾರ ಇವತ್ತಿಗೂ ಹಿಂದಕ್ಕೆ ನಡೀತಿದೆ" ಎಂದಳು ಅಕ್ಕ. ಹಿಂದಕ್ಕೆ ನಡೆಯುವ ಗಡಿಯಾರ ಬೇರೆ ಯಾರ ಮನೆಯಲ್ಲಾದರೂ ಇದೆಯಾ ತೋರಿಸು ಎಂದೆ. ಅವಳು ಕಾರಿನ ಕೀ ತೆಗೆದು ಮೇಜಿನ ಮೇಲೆ ಎಸೆದಳು. ಹೀಗೆ ಕೆಲಸ ನನ್ನ ಕೈಗೆ ಬಂತು.

ಮೊದಲು ಬಂಪರು ಬಿಚ್ಚಿದೆ, ದೀಪ ಕಳಚಿದೆ, ಬಲ್ಬು ತೆಗೆದೆ. ಗಾಜಿಗೂ ಹಿಂದಿನ ಡಬ್ಬಕ್ಕೂ ನಡುವೆ ಕಾರ್ಖಾನೆಯವರು ತುಂಬಿದ್ದ ಕರಿ ಅಂಟು ಮೆತ್ತಗಾಗದೆ ಗಾಜು ಏಳುವುದಿಲ್ಲವಾದ್ದರಿಂದ, ದೀಪಗಳನ್ನು ಒಂದಾದ ಮೇಲೊಂದರಂತೆ ನನ್ನ ಹೆಂಡತಿಯ ಓವನ್ನಿನೊಳಗಿಟ್ಟು, ನೂರು ಡಿಗ್ರಿಯಲ್ಲಿ ಹತ್ತು ನಿಮಿಷ ಬೇಯಿಸಿದೆ. ಎರಡೂ ಹದವಾಗಿ ಬೆಂದವು. ಅಂದಿನಿಂದ ಆ ಓವನ್ನಿನಿಂದ ಏನು ಹೊರಬಂದರೂ ಟಯರಿನ ಅಂಗಡಿಯ ಪರಿಮಳವಿರುತ್ತದೆ. ಹೆಂಡತಿ ಮಾಡಿದ ಕೇಕನ್ನು ನಾನು ಬಾಯ್ತುಂಬ ಹೊಗಳಿ, ಎಂಥ ತಿರುವಿನಲ್ಲೂ ಜಾರುವ ಕೇಕಲ್ಲ ಇದು ಎಂದದ್ದೇ ತಪ್ಪಾಯಿತು. ಇನ್ನೊಂದು ಸಲ ಆ ಬಾಗಿಲಿಗೆ ಕೈ ಹಾಕಿದರೆ ನಿಮ್ಮನ್ನೇ ಒಳಗೆ ಕೂರಿಸಿ ಗುಬುಟು ತಿರುಗಿಸಿಬಿಡ್ತೀನಿ ಎಂದು ಅಪ್ಪಣೆಯಾಗಿದೆ. ಈಗ ಅಡುಗೆಮನೆಯಲ್ಲಿ ಅವಳ ಕುರ್ಚಿಯೇ ಓವನ್ನಿಗೆ ಒರಗಿಕೊಂಡಿದೆ. ತರಕಾರಿ ಹೆಚ್ಚುವುದೂ ಅಲ್ಲೇ, ಫೋನಿನಲ್ಲಿ ತವರಿನವರಿಗೆ ನನ್ನ ವಿಷಯ ಹೇಳುವುದೂ ಅಲ್ಲೇ.

ಆಮೇಲೆ ಗಾಜನ್ನು ಉಪ್ಪುಕಾಗದದಲ್ಲಿ ನೀರು ಹಾಕಿಕೊಂಡು ತಿಕ್ಕಿದೆ: ಮೊದಲು ಒರಟು ಕಾಗದ, ಆಮೇಲೆ ನಯದ್ದು, ಆಮೇಲೆ ಮುಟ್ಟಿದರೂ ಗೊತ್ತಾಗದಷ್ಟು ನಯದ್ದು. ಗಾಜಿನ ಹಳದಿಯೆಲ್ಲ ಹಾಲಿನಂತೆ ಇಳಿದುಹೋಯಿತು. ಬಿಸಿಲು ತಡೆಯುವ ವಾರ್ನಿಷು ಬಳಿದು, ತೆರೆದ ದೀಪಗಳನ್ನು ಗ್ಯಾರೇಜಿನ ಕಿಟಕಿಕಟ್ಟೆಯ ಮೇಲೆ, ಧೂಳು ಬೀಳದಿರಲೆಂದು ಒಂದು ಹಳೇ ಕೊಡೆಯ ಕೆಳಗೆ, ಎರಡು ದಿನ ಒಣಗಲು ಬಿಟ್ಟೆ. ಆ ಕೊಡೆ ತಮ್ಮ ಹಳೆಯ ವಿಳಾಸವೆಂಬುದು ನನಗೀಗ ಹೊಳೆಯುತ್ತಿದೆ. ಮನೆ ಬದಲಾಯಿಸುವವರು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ನಾನು ಬೇಡವೆನ್ನುತ್ತಿದ್ದೆ, ಆ ಮಾತು ಬೇರೆ.

ಇನ್ನು ಮುಚ್ಚುವ ಕೆಲಸ. ಇಲ್ಲಿ ತಾವು ಸ್ವಲ್ಪ ಗಮನವಿಟ್ಟು ಓದಬೇಕು, ಯಾಕೆಂದರೆ ಆ ಹೊತ್ತಿಗಾಗಲೇ ತಾವು ಒಳಗಿದ್ದಿರಿ. ದೀಪದ ಅಂಚಿನ ಕಾಲುವೆಗೆ ಹಗ್ಗದಂತೆ ಬರುವ ಹೊಸ ಅಂಟನ್ನು ತುಂಬಿ, ಮಗಳ ಕೂದಲೊಣಗಿಸುವ ಯಂತ್ರದಿಂದ ಬಿಸಿಗಾಳಿ ಹಾಯಿಸಿ, ಗಾಜನ್ನು ಒತ್ತಿ ಕೂರಿಸಿ, ಹದಿನಾಲ್ಕು ಬಟ್ಟೆಕ್ಲಿಪ್ಪು ಹಾಕಿ, ನನ್ನ ಎರಡು ಬೆಲ್ಟುಗಳನ್ನು ಬಿಗಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನನಗೂ ಬೇರೆಯವರಿಗೂ ಏನು ವ್ಯತ್ಯಾಸ? ದೀಪದ ಬೆನ್ನಿನಲ್ಲಿ ಕಿರುಬೆರಳು ಹಿಡಿಸುವಷ್ಟು ದೊಡ್ಡ ಎರಡೆರಡು ತೂತುಗಳಿದ್ದವು. ಇಷ್ಟು ದೊಡ್ಡ ಕಾರ್ಖಾನೆಯವರು ತೂತು ಮುಚ್ಚುವುದನ್ನೇ ಮರೆತರಲ್ಲ ಎಂದು ಮರುಗಿ, ಅವನ್ನೂ ಅಂಟಿನಿಂದ ತುಂಬಿದೆ. ಬಲ್ಬನ್ನು ಒಳಗಿಟ್ಟು ಅದರ ಹಿಂದಿನ ರಬ್ಬರಿನ ಮುಚ್ಚಳಕ್ಕೂ ಸುತ್ತ ಬಳಿದೆ. ಹೆಬ್ಬೆರಳಿನ ಅಪಘಾತ ಸಂಭವಿಸಿದ್ದೂ ಆಗಲೇ. ಬಲ್ಬು ಸುಟ್ಟರೆ ಹೇಗಪ್ಪಾ ಬದಲಾಯಿಸೋದು ಎಂದು ಮಗಳು ಕೇಳಿದಳು. ನಾನು ಕೂರಿಸಿದ ಬಲ್ಬು ಸುಡುವುದಿಲ್ಲ ಎಂದೆ. ದೊಡ್ಡವರ ಮಾತಿನಲ್ಲಿ ಮಕ್ಕಳು ಹೀಗೆ ಸಂದು ಹುಡುಕಬಾರದು.

ದೀಪಗಳನ್ನು ಕಾರಿಗೆ ಕೂರಿಸಿದ ಮೇಲೆ ಅಕ್ಕ ತಾನೇ ಬಂದು ಎರಡು ಬಕೆಟ್ಟು ನೀರು ಸುರಿದು ನೋಡಿದಳು. ಒಳಗೆ ಒಂದು ಹನಿ ಹೋಗಲಿಲ್ಲ. "ಪರವಾಗಿಲ್ವೋ" ಎಂದಳು. ಮಾನ್ಯರೇ, ನನ್ನ ಅಕ್ಕನ ಬಾಯಿಂದ ಪರವಾಗಿಲ್ಲ ಎಂಬ ಮಾತು ನನ್ನ ವಿಷಯದಲ್ಲಿ ಬಂದದ್ದು ಹುಟ್ಟಿದಾಗಿನಿಂದ ಅದು ಎರಡನೆಯ ಸಲ; ಮೊದಲನೆಯದು ನಾನು ಹುಟ್ಟಿದಾಗ.

ಆ ಮಾತಿನ ಆಯಸ್ಸು ನಿನ್ನೆ ಸಂಜೆಯವರೆಗೆ. ಕಾರನ್ನು ಎದುರುಮನೆಯ ಬಿಳಿಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೀದಿಯವರನ್ನೆಲ್ಲ ಕೂಗಿ ಕರೆದು, ದೀಪಗಳ ಪುನರ್ಜನ್ಮದ ಬಗ್ಗೆ ಎರಡೇ ಮಾತು, ಒಂದು ಇಪ್ಪತ್ತು ನಿಮಿಷ, ಆಡಿ ಸ್ವಿಚ್ಚು ಒತ್ತಿದೆ. ಎಡಗಡೆ ಗೋಡೆಯ ಮೇಲೆ ಬೆಳ್ಳಗೆ ಬೆಳಕು. ಬಲಗಡೆ ಗೋಡೆಯ ಮೇಲೆ ತಾವು. ಎಮ್ಮೆಕರುವಿನ ಗಾತ್ರ, ಏಣಿಯಷ್ಟುದ್ದದ ಕಾಲುಗಳು. ಸಾಲದ್ದಕ್ಕೆ ಒಂದು ಕಾಲನ್ನೆತ್ತಿ ನಿಧಾನವಾಗಿ ಕೆನ್ನೆಯನ್ನೋ ಕಣ್ಣನ್ನೋ ಕೆರೆದುಕೊಂಡಿರಿ. ಎದುರುಮನೆಯ ಪೋಸ್ಟ್‌ಮ್ಯಾನ್ ಮೂವತ್ತು ವರ್ಷದಲ್ಲಿ ಯಾರ ಮನೆಯ ನಾಯಿಗೂ ಹೆದರಿದವನಲ್ಲ. ಅವನು ಸೈಕಲ್ಲು ಅಲ್ಲೇ ಬಿಟ್ಟು, ಸ್ವಂತ ಮನೆಯ ಕಾಂಪೌಂಡು ಹಾರಿದ. ಮೆಕ್ಯಾನಿಕ್ಕು ಮಾತ್ರ ಕೈಕಟ್ಟಿ ನಿಂತು, "ದೀಪ ಚೆನ್ನಾಗಿದೆ ಮಾವ, ಸಿನಿಮಾನೂ ಬರುತ್ತೆ" ಎಂದ. ಅಕ್ಕ ಬಾನೆಟ್ಟಿನ ಮೇಲಿಟ್ಟಿದ್ದ ಪಟ್ಟಿಯ ಚೀಲ ತೆಗೆದುಕೊಂಡು ಒಳಗೆ ಹೋದಳು. ಅವಳು ಬೈದರೆ ನನಗೆ ಊಟ ಇನ್ನೆರಡು ತುತ್ತು ಹೆಚ್ಚು ಸೇರುತ್ತದೆ. ಹಾಗೆ ಸುಮ್ಮನೆ ಚೀಲ ಎತ್ತಿಕೊಂಡು ಹೋದಳಲ್ಲ, ನಿನ್ನೆ ನನಗೆ ಊಟ ಸೇರಲಿಲ್ಲ.

ತಮ್ಮ ಕಸುಬಿನ ಬಗ್ಗೆ ನನಗೆ ಗೌರವವಿದೆ. ಅಳತೆಪಟ್ಟಿಯಿಲ್ಲದೆ, ಪೆನ್ಸಿಲ್ಲಿನ ಗುರುತಿಲ್ಲದೆ, ಯಾರ ಓವನ್ನನ್ನೂ ಕೆಡಿಸದೆ ಅಷ್ಟು ಸಮನಾದ ಬಲೆ ನೇಯ್ದಿದ್ದೀರಿ. ಬಿಸಿಗಾಳಿಗೆ ತಾವು ಜಗ್ಗಲಿಲ್ಲ. ಇಂದು ಬೆಳಗ್ಗೆ ಕಾರಿನ ಹಾರ್ನ್ ಬಾರಿಸಿದೆ. ಮೂರು ಮನೆಯವರು ಹೊರಬಂದರು, ತಾವು ಬರಲಿಲ್ಲ. ರಸ್ತೆಯುಬ್ಬುಗಳ ಮೇಲೆ ಹನ್ನೆರಡು ಸಲ ಓಡಿಸಿದೆ. ನನ್ನ ಸೊಂಟ ಹಿಡಿಯಿತು, ತಾವು ತೊಟ್ಟಿಲಿನಲ್ಲಿದ್ದಂತೆ ಕಣ್ಮುಚ್ಚಿದ್ದಿರಿ. ಇಂಥ ಸ್ಥೈರ್ಯ ನಮ್ಮ ಮನೆಯ ಅಳಿಯಂದಿರಲ್ಲೂ ನಾನು ಕಂಡಿಲ್ಲ.

ಈಗ ನನ್ನ ಸಂಕಟ ಕೇಳಬೇಕು. ತಾವು ಒಳಗೇ ಇದ್ದರೆ ನಾಳೆ ಇನ್‌ಸ್ಪೆಕ್ಟರು ಬೆಳಕು ಪರೀಕ್ಷಿಸುವ ಪರದೆಯ ಮೇಲೆ ತಮ್ಮ ನೆರಳು ಬಿದ್ದು ಕಾರು ನಪಾಸು. ತಾವು ಹೊರಗೆ ಬಂದರೆ, ಬಂದ ದಾರಿಯೊಂದು ಇದ್ದೇ ಇರಬೇಕು, ಆ ದಾರಿಯಲ್ಲಿ ನೀರೂ ಹೋಗುತ್ತದೆ, ಅಲ್ಲಿಗೆ ನನ್ನ ಅಂಟು ನಪಾಸು. ನಾನೇ ಬಿಚ್ಚಿ ತಮ್ಮನ್ನು ಕಳಿಸಿಕೊಡೋಣವೆಂದರೆ ಓವನ್ನಿಗೆ ಕಾವಲು ಕೂತಿದೆ. ಮೆಕ್ಯಾನಿಕ್ಕಿನ ಹತ್ತಿರ ಹೋಗೋಣವೆಂದರೆ, ಹೋಗಲು ಇನ್ನೊಂದು ಮುಖ ಬೇಕು.

ಆದಕಾರಣ ಸವಿನಯ ಪ್ರಾರ್ಥನೆಯೇನೆಂದರೆ, ತಾವು ಯಾವ ಸಂದಿಯನ್ನೂ ಬಳಸದೆ ನೇರವಾಗಿ ಹೊರಗಿರುವಂತೆ ಕೃಪೆ ಮಾಡಬೇಕು. ಅದು ಸಾಧ್ಯವಿಲ್ಲದಿದ್ದರೆ ಹತ್ತರಿಂದ ಹತ್ತೂಕಾಲರವರೆಗೆ ಮಾತ್ರ ಪಾರದರ್ಶಕವಾಗಿದ್ದು ಸಹಕರಿಸಬೇಕು. ಆಮೇಲೆ ತಮ್ಮ ಬಣ್ಣ ತಮಗೆ. ಅದೂ ಕಷ್ಟವೆಂದರೆ ಎಡಗಡೆಯ ದೀಪಕ್ಕೆ ತಮ್ಮದೇ ಅಳತೆಯ ಒಬ್ಬ ಬಂಧುವನ್ನು ಕಳಿಸಿ, ಇಬ್ಬರೂ ಒಂದೇ ಭಂಗಿಯಲ್ಲಿ ಕೂತರೆ, ಇದು ಕಾರ್ಖಾನೆಯ ಲಾಂಛನವೆಂದು ವಾದಿಸುವ ಹೊಣೆ ನನಗಿರಲಿ. ದಯವಿಟ್ಟು ಕೆರೆದುಕೊಳ್ಳಬಾರದು. ಲಾಂಛನಗಳು ಕೆರೆದುಕೊಳ್ಳುವುದಿಲ್ಲ.

ಇದ್ಯಾವುದೂ ಆಗದಿದ್ದರೆ ಒಂದು ಮಾತು, ದೂರದಿಂದ ಯಾರಿಗೂ ಕಾಣದಷ್ಟು ಸಣ್ಣಕ್ಷರದಲ್ಲಿ ಬರೆಯುತ್ತೇನೆ. ನನ್ನ ಅಂಟಿನ ಮಾನ ಹೋದರೆ ಹೋಗಲಿ. ಒಳಗೆ ಎಲ್ಲಾದರೂ ಒಂದು ಸಂದಿ ತಮ್ಮ ಕಣ್ಣಿಗೆ ಬಿದ್ದಿದ್ದರೆ ಹೊರಟುಬಿಡಿ. ನಾನು ಅತ್ತ ತಿರುಗಿ ನಿಂತಿರುತ್ತೇನೆ. ಅಕ್ಕನ ಹನ್ನೊಂದು ಮನೆ ತಪ್ಪಬಾರದು.

ಗಾಜಿನ ಈಚೆಯಿಂದ, ಡಬ್ಬಿ ಸಮೇತ,
ತಮ್ಮ ವಿಶ್ವಾಸಿ,
ಅಕ್ಕನ ತಮ್ಮ

ಪ್ರತಿ: ಓವನ್ನಿನ ಮುಂದೆ ಕೂತಿರುವವರಿಗೆ, ಕೋಪ ಇಳಿದ ಮೇಲೆ ಓದಲು.

ತಾ. ಕ. (ಶುಕ್ರವಾರ ಮಧ್ಯಾಹ್ನ): ಕಾರು ಪಾಸಾದ ಸಂಗತಿ ತಮಗೆ ಗೊತ್ತೇ ಇದೆ, ಆದರೂ ದಾಖಲೆಯಲ್ಲಿರಲಿ. ಇನ್‌ಸ್ಪೆಕ್ಟರು ದೀಪ ಹಾಕಿಸಿ, ಪರದೆ ನೋಡುವ ಮೊದಲು ದೀಪದ ಬೆನ್ನಿಗೆ ಕನ್ನಡಿ ಹಿಡಿದು, ಇದಕ್ಕೆ ಉಸಿರಾಡುವ ತೂತುಗಳಿರಬೇಕಲ್ಲ, ಒಳಗಿನ ಗಾಳಿ ಕಾದರೆ ಎಲ್ಲಿಂದ ಹೋಗಬೇಕು ಎಂದು ಕೇಳಿದರು. ಎಲ್ಲಿಂದಲೂ ಹೋಗದಂತೆ ನಾನೇ ಮುಚ್ಚಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದೆ. ಅಕ್ಕ ಕಣ್ಣು ಮುಚ್ಚಿಕೊಂಡಳು. ಅವರು ನಪಾಸು ಎಂದು ಅರ್ಧ ಬರೆದಿದ್ದರು. ಅಷ್ಟರಲ್ಲಿ ಬಲದೀಪದ ಕೆಳಗಂಚಿನಲ್ಲಿ ಪುಸ್ಸೆಂದು ಅಂಟು ಬಾಯಿಬಿಟ್ಟಿತು, ಆ ಬಾಯಿಯಿಂದ ತಾವು ಇಳಿದು ಬಂದಿರಿ, ಬಂಪರು ದಾಟಿ ಇನ್‌ಸ್ಪೆಕ್ಟರ ಕಾಗದದ ಮೇಲೆ ಸಾವಕಾಶವಾಗಿ ನಡೆದು ಆಚೆ ಹೋದಿರಿ. ಅವರು ಬರೆದದ್ದನ್ನು ಹೊಡೆದುಹಾಕಿ, ‘ಗಾಳಿಗೆ ದಾರಿಯಿದೆ, ಖುದ್ದಾಗಿ ಕಂಡಿದ್ದೇನೆ’ ಎಂದು ಬರೆದು, ಪರದೆಯ ಮೇಲಿನ ಬೆಳಕು ನೋಡಿ, ಮೊಹರು ಒತ್ತಿದರು. ಅಕ್ಕ ಈ ಹೊತ್ತಿಗೆ ಆರು ಮನೆ ಮುಗಿಸಿದ್ದಾಳೆ. ಆರು ಮನೆಯಲ್ಲೂ ದೀಪ ಪಾಸು ಮಾಡಿಸಿದ್ದು ತಮ್ಮನಲ್ಲ, ಜೇಡ ಎಂದು ಹೇಳಿಕೊಂಡು ಬಂದಿದ್ದಾಳಂತೆ. ಮೆಕ್ಯಾನಿಕ್ಕು ತಮಗೆ ಕೆಲಸ ಕೊಡಲು ಸಿದ್ಧನಿದ್ದಾನಂತೆ. ಕೀರ್ತಿಯೆಲ್ಲ ತಮಗೇ ಇರಲಿ, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಎಂಟೆಂಟು ಕೈಯಿಟ್ಟುಕೊಂಡು ಒಂದು ಸ್ಕ್ರೂ ಬಿಚ್ಚದೆ ಹೋದಿರಲ್ಲ, ಅದು ಮಾತ್ರ ಸರಿಯಲ್ಲ. ಅಕ್ಕನ ಆಜ್ಞೆಯ ಪ್ರಕಾರ ಭಾನುವಾರ ಎರಡೂ ದೀಪ ಮತ್ತೆ ಬಿಚ್ಚಿ, ತೂತು ತೆರೆದು, ಹೊಸದಾಗಿ ಅಂಟು ಹಾಕುವುದಿದೆ. ಬೆಳಗ್ಗೆ ಎಂಟಕ್ಕೆ ಸರಿಯಾಗಿ ಕೆಲಸಕ್ಕೆ ಹಾಜರಾಗತಕ್ಕದ್ದು. ತಿಂಡಿ ತಾವೇ ಹಿಡಿದುಕೊಳ್ಳುವುದು.