ತೂಕದ ತಕ್ಕಡಿ ಮತ್ತು ಇಪ್ಪತ್ತು ಪ್ರಶ್ನೆಗಳು

ಡಿಸೆಂಬರ್ ಒಂಬತ್ತು, ಮಂಗಳವಾರ, ಬೆಳಗ್ಗೆ ಎಂಟೂಕಾಲು. ಈ ಸಮೀಕ್ಷೆ ಆರಂಭವಾದ ಗಳಿಗೆಯನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದೇನೆ. ಸಮುದಾಯ ಆರೋಗ್ಯದ ಸಂಶೋಧನೆಯಲ್ಲಿ ನನ್ನ ವಯಸ್ಸಿನ ಅರ್ಧ ಕಳೆದಿದೆ. ನಾನು ಜನರನ್ನು ಅಳೆಯಲು ಹೋದಾಗಲೆಲ್ಲ ಅವರೇ ನನ್ನನ್ನು ಅಳೆದು ಕಳುಹಿಸಿದ್ದಾರೆ. ಈ ಸಲವೂ ಅದು ತಪ್ಪಲಿಲ್ಲ.

ಕೆಲಸ ಎರಡು ಬಗೆಯದು. ಶಿಕಾರಿಪುರ ಮತ್ತು ಸೊರಬದ ಅಂಗನವಾಡಿಗಳಲ್ಲಿ ಮಕ್ಕಳ ತೂಕವನ್ನೂ ಊಟವನ್ನೂ ಬರೆದುಕೊಳ್ಳುವುದು ಒಂದು. ಆ ಮಕ್ಕಳನ್ನು ನೋಡಿಕೊಳ್ಳುವ ಕಾರ್ಯಕರ್ತೆಯರ ಮನಸ್ಸು ಹೇಗಿದೆಯೆಂದು ಇಪ್ಪತ್ತು ಪ್ರಶ್ನೆಗಳಲ್ಲಿ ಕೇಳುವುದು ಇನ್ನೊಂದು. ಅವರು ದಿನವೂ ತುಂಬುವ ದಾಖಲೆ ಪುಸ್ತಕಗಳ ಹೊರೆಯನ್ನು ಇಳಿಸಿರೆಂದು ಮೇಲಿನವರಿಗೆ ಬರೆಯಬೇಕೆಂಬುದು ನನ್ನ ಆಸೆ. ಅದಕ್ಕೆ ಅವರ ನಿಜವಾದ ಉತ್ತರಗಳು ಬೇಕಿದ್ದವು. ಅವು ಸಿಗದಿದ್ದರೆ ಹೊರೆ ಇದ್ದಲ್ಲಿಯೇ ಇರುತ್ತಿತ್ತು.

ಗುಟ್ಟಿನ ತೂಕ

ಈಸೂರಿನ ಕಡೆಯ ಒಂದು ಹಳ್ಳಿ. ಗದ್ದೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಬಾಗಿಲ ತೊಲೆಗೆ ಕಟ್ಟಿದ ತಕ್ಕಡಿಯ ಜೋಲಿಯಲ್ಲಿ ಕೂತ ಕೂಸು, ನೆಲಕ್ಕೂ ಸೇರದೆ ಆಕಾಶಕ್ಕೂ ಸೇರದೆ, ಕಣ್ಣರಳಿಸಿಕೊಂಡು ಮೆಲ್ಲಗೆ ತಿರುಗುತ್ತಿತ್ತು. ನಾನು ಮುಳ್ಳನ್ನು ನೋಡಿ ಬಾಯಿ ತೆರೆಯುವಷ್ಟರಲ್ಲಿ ಕೂಸಿನ ಅಜ್ಜಿ ಅಡ್ಡ ಬಂದಳು.

"ಬಾಯಿ ಬಿಟ್ಟು ಹೇಳಬ್ಯಾಡ್ರಿ ಅಮ್ಮಾರ. ದೃಷ್ಟಿ ಆಗತೈತಿ."

"ದೃಷ್ಟಿಗೂ ತೂಕಕ್ಕೂ ಸಂಬಂಧವಿಲ್ಲಜ್ಜಿ."

"ನಿಮಗ ಇರಲಿಕ್ಕಿಲ್ಲ. ಕೂಸು ನಮ್ದು."

ಅಜ್ಜಿ ತನ್ನ ಸೆರಗನ್ನು ಪರದೆಯಂತೆ ಹಿಡಿದಳು, ಅದರ ಮರೆಯಲ್ಲಿ ನಾನು ಅಂಕಿ ಬರೆದೆ. ಆಮೇಲೆ ಅವಳೇ ಕಿವಿಯ ಹತ್ತಿರ ಬಂದು, "ಎಷ್ಟೈತಿ?" ಎಂದಳು. ಪಿಸುಗುಟ್ಟಿದೆ. ಅವಳ ಮುಖ ಅರಳಿತು. ಕೂಸನ್ನು ಸೊಂಟಕ್ಕೇರಿಸಿಕೊಂಡು, ಓಣಿಗೆಲ್ಲ ಕೇಳುವಂತೆ ಕೇಳಿದಳು:

"ಆ ಕೊನೀ ಮನಿ ಕೂಸಿಂದು ಎಷ್ಟೈತ್ರಿ? ಅದನ್ನ ಗಟ್ಟಿಯಾಗಿ ಹೇಳ್ರಿ!"

ನಿನ್ನೆಯ ಊಟ

ಶಿಕಾರಿಪುರದ ಅಂಚಿನ ಒಂದು ಅಂಗನವಾಡಿ. ನಿನ್ನೆ ಬೆಳಗಿನಿಂದ ಮಗು ತಿಂದದ್ದನ್ನೆಲ್ಲ ತಾಯಿಯಿಂದ ಕೇಳಿ ಬರೆಯಬೇಕು. ಎಳೆಯ ತಾಯಿ ನನ್ನೆದುರು ನಿಂತಿದ್ದಳು. ಹಣೆಯ ತುಂಬ ವಿಭೂತಿ ಧರಿಸಿದ ಅವಳ ಅತ್ತೆ ಹೊರಗಿನ ಕಟ್ಟೆಯ ಮೇಲೆ ಮೊಮ್ಮಗನನ್ನು ಆಡಿಸುತ್ತ ಕೂತಿದ್ದರು. ಪ್ರಶ್ನೆ ಕೇಳಿದೆ. ಸೊಸೆ ನನ್ನ ತಲೆಯ ಮೇಲೆಲ್ಲೋ ದೃಷ್ಟಿ ನೆಟ್ಟು, ಕನಸಿನಲ್ಲಿ ಕಂಡದ್ದನ್ನು ಹೇಳುವವಳಂತೆ ನಿಧಾನವಾಗಿ ಆರಂಭಿಸಿದಳು.

"ರಾಗಿ ಗಂಜಿ... ಹಸಿರು ಸೊಪ್ಪು... ಗಜ್ಜರಿ... ಮೊಳಕೆ ಕಾಳು... ಹಾಲು... ಬಾಳೆಹಣ್ಣು..."

ಇಷ್ಟು ಪರಿಪೂರ್ಣವಾದ ಊಟವನ್ನು ನನ್ನ ವೃತ್ತಿಜೀವನದಲ್ಲೇ ಬರೆದುಕೊಂಡಿರಲಿಲ್ಲ. ಅಭಿಮಾನದಿಂದ ಲೇಖನಿ ಓಡುತ್ತಿತ್ತು.

"...ಮೀನು."

ಕಟ್ಟೆಯ ಮೇಲಿದ್ದವರು ಎರಡೇ ಹೆಜ್ಜೆಗೆ ಒಳಗಿದ್ದರು. "ಏನಂದಿ? ಯಾರ ಮನ್ಯಾಗ ಮೀನು?"

ನಾನು ತಿರುಗಿ ನೋಡಿದೆ. ನನ್ನ ಬೆನ್ನ ಹಿಂದಿನ ಗೋಡೆಯ ಮೇಲೆ ಪೌಷ್ಟಿಕ ಆಹಾರದ ದೊಡ್ಡ ಚಿತ್ರಪಟವಿತ್ತು. ಗಂಜಿಯಿಂದ ಮೀನಿನವರೆಗೆ ಎಲ್ಲವೂ ಅದೇ ಕ್ರಮದಲ್ಲಿದ್ದವು.

ಸೊಸೆ ಅಳುವ ದನಿಯಲ್ಲಿ ಹೇಳಿದಳು: "ತಿನ್ಸಿಲ್ರೀ ಅತ್ತಿ! ಬರೇ ಓದೀನಿ!"

ನೆಮ್ಮದಿಯ ಪ್ರಶ್ನೆ

ಗುಡವಿ ಕೆರೆಯಿಂದ ಕೂಗಳತೆಯಲ್ಲಿರುವ ಅಂಗನವಾಡಿಗೆ ಹೋದಾಗ ಮಧ್ಯಾಹ್ನದ ಊಟ ಮುಗಿದಿತ್ತು. ಚಾಪೆಯ ಮೇಲೆ ಹದಿನಾಲ್ಕು ಮಕ್ಕಳು ಸಾಲಾಗಿ ನಿದ್ರಿಸುತ್ತಿದ್ದರು. ಕಿಟಕಿಯಾಚೆ ನೀರಿನ ನಡುವಿನ ಮರಗಳ ಮೇಲೆ ಬೆಳ್ಳಕ್ಕಿಗಳು ಇಳಿಯುತ್ತಿದ್ದವು, ಮತ್ತೆ ಏಳುತ್ತಿದ್ದವು. ಮಕ್ಕಳ ಉಸಿರೇ ಅವನ್ನು ಏರಿಸಿ ಇಳಿಸುತ್ತಿದೆಯೋ ಎನ್ನುವ ಹಾಗೆ. ಕಾರ್ಯಕರ್ತೆ ಗೋಡೆಗೊರಗಿ ಅರೆಗಣ್ಣು ಮುಚ್ಚಿದ್ದರು. ಸೇವೆಗೆ ಸೇರಿ ಬಹಳ ವರ್ಷಗಳಾದ, ಮೆಲುದನಿಯ ಹೆಂಗಸು. ನಾನು ಎದುರು ಕೂತು ನಾಲ್ಕನೆಯ ಪ್ರಶ್ನೆ ಓದಿದೆ.

"ಕೆಲಸದ ನಡುವೆ ನಿಮಗೆ ನೆಮ್ಮದಿಯ ಕ್ಷಣಗಳು ಸಿಗುತ್ತವೆಯೇ?"

ಅವರು ಕಣ್ಣು ಬಿಟ್ಟರು. "ಈ ಹೊತ್ತಿಗೆ ಸಿಕ್ತಿತ್ತು ಮೇಡಂ. ನೀವು ಬಂದ್ರಿ."

ಸ್ಯಾಂಪಲ್

ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುವುದು ಬೇಡವೆಂದು ಸೊರಬದಲ್ಲಿ ಕಾರ್ಯಕರ್ತೆಯರ ಸಭೆ ಕರೆದೆ. ಪ್ರಶ್ನೆಪತ್ರಿಕೆ ಹಂಚಿದೆ. ಹೆಸರು ಬರೆಯುವ ಅಗತ್ಯವಿಲ್ಲ, ಮನಸ್ಸಿನಲ್ಲಿರುವುದನ್ನು ಬರೆಯಿರಿ ಎಂದೆ. ಯಾರೂ ಪೆನ್ನು ಎತ್ತಲಿಲ್ಲ.

"ಒಂದು ಸ್ಯಾಂಪಲ್ ಕೊಡಿ ಮೇಡಂ," ಎಂದರು ಗುಡವಿಯ ಆ ಕಾರ್ಯಕರ್ತೆ. ಉಳಿದವರೆಲ್ಲ ತಲೆಯಾಡಿಸಿದರು. ಯಾವ ಹೊಸ ನಮೂನೆ ಬಂದರೂ ತುಂಬಿದ ಪ್ರತಿಯೊಂದನ್ನು ಮೊದಲು ನೋಡುವುದು ಅವರ ಪದ್ಧತಿ.

ಪಕ್ಕದ ಕೋಣೆಗೆ ಹೋಗಿ ಒಂದನ್ನು ತುಂಬಿದೆ. ಸುಳ್ಳು ಮಾಹಿತಿ ಬರೆದು ನನಗೆ ಅಭ್ಯಾಸವಿಲ್ಲ. ನಿದ್ರೆ ಸರಿಯಾಗಿ ಬರುತ್ತದೆಯೇ? ಇಲ್ಲ. ಮೊದಲಿನ ಉತ್ಸಾಹವಿದೆಯೇ? ಕಡಿಮೆ. ಕೊನೆಯ ಖಾಲಿ ಜಾಗದಲ್ಲಿ, 'ಬರುವ ಜೂನ್‌ನಲ್ಲಿ ನಿವೃತ್ತಿ. ಆಮೇಲೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕೋ ತಿಳಿಯದು' ಎಂದು ಬರೆದೆ. ಯಾರದೆಂದು ಹೇಳದೆ ಅದನ್ನು ಮೇಜಿನ ಮೇಲಿಟ್ಟು, ಅವರು ನಿಸ್ಸಂಕೋಚವಾಗಿ ಬರೆಯಲೆಂದು ಹೊರಗೆ ಹೋಗಿ ಕೂತೆ.

ಒಂದು ಗಂಟೆಯ ಬಳಿಕ ಗುಡವಿಯವರು ಕಟ್ಟನ್ನು ತಂದುಕೊಟ್ಟರು. ಮೊದಲನೆಯ ಹಾಳೆಯಲ್ಲಿ ನಿದ್ರೆಯಿಲ್ಲ. ಎರಡನೆಯದರಲ್ಲೂ ಇಲ್ಲ. ಹತ್ತನೆಯ ಹಾಳೆಯ ಕೊನೆಯಲ್ಲೂ ಅದೇ ಜೂನ್, ಅದೇ ನಿವೃತ್ತಿ. ನನ್ನದೇ ಬೇಸರ, ಬೇರೆ ಬೇರೆ ಅಕ್ಷರಗಳಲ್ಲಿ, ಸೊರಬದ ತುಂಬ ಹರಡಿಕೊಂಡಿತ್ತು.

"ಏನಮ್ಮ ಇದು? ಕಳೆದ ತಿಂಗಳು ಕೆಲಸಕ್ಕೆ ಸೇರಿದ ಹುಡುಗಿಗೂ ಜೂನ್‌ನಲ್ಲಿ ನಿವೃತ್ತಿಯೇ?"

"ಸ್ಯಾಂಪಲ್ ಇದ್ದಂಗೇ ತುಂಬಿದೀವಿ ಮೇಡಂ. ಬೇರೆ ಥರ ತುಂಬಿದ್ರೆ ವಾಪಸ್ ಕಳಿಸ್ತಾರೆ. ಮತ್ತೆ ಕೂತು ತುಂಬ್ಬೇಕು."

"ನಿಮ್ಮ ನಿದ್ರೆ ಹೇಗಿದೆ, ಅದನ್ನು ಬರೆಯಬಾರದಿತ್ತೇ?"

"ನಮ್ದಾ? ಪುಸ್ತಕ ತುಂಬಿ ಮುಗಿಸೋ ತನಕ ನಿದ್ದೆ ಎಲ್ಲಿಂದ ಬರ್ಬೇಕು? ಸ್ಯಾಂಪಲ್‌ನಲ್ಲಿ ಪುಸ್ತಕದ ಸುದ್ದಿ ಇರ್ಲಿಲ್ಲ, ಬಿಟ್ವಿ." ಹೊರಟವರು ಬಾಗಿಲಲ್ಲಿ ನಿಂತು ತಿರುಗಿದರು. ದನಿ ತಗ್ಗಿಸಿದರು. "ಒಂದು ಮಾತು ಮೇಡಂ. ತುಂಬ್ತಾ ತುಂಬ್ತಾ ನಮಗೆಲ್ಲ ಪಾಪ ಅನ್ನಿಸ್ತು. ಆ ಸ್ಯಾಂಪಲ್ ಯಾರದ್ದೋ ಏನೋ, ಮೊದ್ಲು ಅವರನ್ನ ಡಾಕ್ಟ್ರಿಗೆ ತೋರಿಸ್ರಿ!"

ಆ ಕಟ್ಟನ್ನು ಸಮೀಕ್ಷೆಯಿಂದ ಕೈಬಿಟ್ಟೆ. ಮುಂದಿನ ವಾರದಿಂದ ಕಾಗದವಿಲ್ಲದೆ ಒಬ್ಬೊಬ್ಬರನ್ನೇ ಮಾತನಾಡಿಸುವುದೆಂದೂ, ಶುಕ್ರವಾರ ವೈದ್ಯರನ್ನು ಕಾಣುವುದೆಂದೂ ತೀರ್ಮಾನಿಸಿದೆ.