ಅತ್ತೆಯ ಮೊಬೈಲ್ ಮದ್ದು

ನಮ್ಮ ಅತ್ತೆಗೆ ಗಮನವೇ ಇಲ್ಲ ಎಂದು ಊರೆಲ್ಲ ಹೇಳುತ್ತದೆ. ಶುದ್ಧ ಸುಳ್ಳು! ಅತ್ತೆಗೆ ಎಲ್ಲದರ ಮೇಲೂ ಗಮನವಿದೆ. ಆದರೆ ಎಲ್ಲದರ ಮೇಲೂ ಒಟ್ಟಿಗೇ ಇದೆ. ಹೊನ್ನಾವರ ಪೇಟೆಯಲ್ಲಿ ಆಕೆಯದೊಂದು ಪುಟ್ಟ ಹೊಲಿಗೆ ಅಂಗಡಿ. ರವಿಕೆಯ ಬಲತೋಳು ಹೊಲಿಯುವಾಗ ಮೀನಿನವಳ ಕೂಗು ಕೇಳಿಸುತ್ತದೆ. ಬಂಗಡೆ ತರಲು ಎದ್ದವಳು ದಾರಿಯಲ್ಲಿ ಸಿಕ್ಕ ಪರಿಚಯದವರನ್ನು ಇಡಗುಂಜಿ ಬಸ್ಸಿಗೆ ಹತ್ತಿಸಿ, ಮಾತು ಮುಗಿಯಲಿಲ್ಲವೆಂದು ತಾನೂ ಹತ್ತಿ, ಗಣಪತಿಗೆ ಕೈಮುಗಿದು ಸಂಜೆಗೆ ಬರುತ್ತಾಳೆ. ಬಂಗಡೆ ಕೊಳ್ಳಲು ಮರೆತದ್ದೇ ಪುಣ್ಯ, ಇಲ್ಲದಿದ್ದರೆ ಚೀಲದಲ್ಲಿ ಮೀನಿಟ್ಟುಕೊಂಡೇ ದೇವರ ಮುಂದೆ ನಿಲ್ಲುತ್ತಿದ್ದಳು! ಎಡತೋಳಿನ ವಿಚಾರ ಮಾತ್ರ ಕೇಳಬೇಡಿ.

ಹೋದ ವರ್ಷ ಮದುಮಗಳೊಬ್ಬಳು ಒಂದೇ ತೋಳಿನ ರವಿಕೆ ಹಿಡಿದು ಅಂಗಡಿ ಮುಂದೆ ಗೋಳೋ ಎಂದು ಅತ್ತಳು. ಅಂದೇ ನನ್ನ ಅಪ್ಪ, ಅಂದರೆ ಅತ್ತೆಯ ಅಣ್ಣ, ಅವಳಿಗೆ ತೀರ್ಪು ಕೊಟ್ಟರು. "ಬಪ್ಪ ವರ್ಷದ ಮದ್ವೆ ಸೀಸನ್ನಿಗೆ ಹೊತ್ತಿಗೆ ಸರಿಯಾಗಿ ಹೊಲ್ದು ಕೊಡ್ದಿದ್ರೆ ಅಂಗಡಿ ಬಾಗ್ಲು ಹಾಕಿ ಮನೇಲಿ ಕೂತ್ಕೋ."

"ಮನೇಲಿ ಕೂತ್ರೆ ನಾ ಸಾಯ್ತೆ ಅಣ್ಣ. ಬಾಗ್ಲು ಹಾಕ್ಸೂಕೆ ನೀ ಯಾರು? ಮಿಷನ್ ನಂದು!"

ನಾನು ಅವಳನ್ನು ಕುಮಟೆಯ ಡಾಕ್ಟರ ಬಳಿ ಕರೆದೊಯ್ದೆ. ಅವರು ತಾಳ್ಮೆಯಿಂದ ಎಲ್ಲ ಕೇಳಿ, ಇದು ಎಡಿಎಚ್‌ಡಿ, ಹುಟ್ಟಿನಿಂದಲೇ ಮನಸ್ಸು ಒಂದೆಡೆ ನಿಲ್ಲದ ತೊಂದರೆ ಎಂದರು. ಮಾತ್ರೆಯ ಜೊತೆಗೆ ಒಂದು ಆ್ಯಪನ್ನೂ ಬರೆದುಕೊಟ್ಟರು. ಅತ್ತೆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದ್ನ ಊಟಕ್ಕೆ ಮೊದ್ಲು ತಗಳೂದೋ, ಆದ್ಮೇಲೋ?"

ಆ್ಯಪಿಗೂ ಅತ್ತೆಗೂ ಮೊದಲ ದಿನವೇ ಜಗಳ. ಅದು ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ "ಈಗ ಏನು ಮಾಡುತ್ತಿದ್ದೀರಿ?" ಎಂದು ಕೇಳುತ್ತದೆ. ಅತ್ತೆ ಗುಡುಗಿದಳು, "ನೀ ಕೇಳೂವರೆಗೂ ಹೊಲೀತಾ ಇದ್ದೆ!"

ಅದರಲ್ಲಿ ಒಂದು 'ಜೊತೆಕೋಣೆ' ಇತ್ತು. ಎಲ್ಲೆಲ್ಲಿಯದೋ ನಾಲ್ಕು ಜನ ಪರದೆಯ ಮೇಲೆ ಕೂತು ತಂತಮ್ಮ ಕೆಲಸ ಮಾಡುತ್ತಾರೆ. ಪಕ್ಕದಲ್ಲಿ ಒಬ್ಬರಿದ್ದರೆ ನಮ್ಮ ಮನಸ್ಸೂ ಕೂರುತ್ತದಂತೆ. ಮಾತು ಮಾತ್ರ ಆಡಕೂಡದು. ಆದರೆ ನಮ್ಮ ಕಡೆ ಎದುರು ಕೂತವರನ್ನು ಮಾತಾಡಿಸದೆ ಇರುವುದುಂಟೇ? ಅದು ಜಗಳವಾದವರ ಲಕ್ಷಣ!

"ಊಟ ಆತಾ? ಎಂತ ಮೀನು ಇವತ್ತು?" ಎಂದಳು ಅತ್ತೆ. ಕನ್ನಡಕದ ಹೆಂಗಸೊಬ್ಬಳು ಬೆದರಿ ಕ್ಯಾಮೆರಾ ಮುಚ್ಚಿದಳು. ಗಡ್ಡದವನೊಬ್ಬ 'ನಾನು ಸಸ್ಯಾಹಾರಿ' ಎಂದು ಬರೆದು ತೋರಿಸಿದ. ಅತ್ತೆ ಮರುಗಿ, ಅವನಿಗೆ ಬಸಳೆ ಸಾಂಬಾರು ಮಾಡುವ ಕ್ರಮವನ್ನು ಪೂರ್ತಿ ಹೇಳಿಕೊಟ್ಟಳು. ಮೂರನೇ ಎಚ್ಚರಿಕೆಯಾದ ಮೇಲೆ ಆ್ಯಪಿನವರು ಅವಳನ್ನು ಕೋಣೆಯಿಂದ ಹೊರಹಾಕಿದರು.

"ಒಳ್ಳೇದೇ ಆತು. ಸತ್ತ ಮನೇಲೂ ಇದ್ಕಿಂತ ಹೆಚ್ಚು ಮಾತಿರ್ತದೆ!"

"ಮೊಬೈಲೂ ನಿನ್ನ ಹೊರಗೆ ಹಾಕ್ತಾ?" ಎಂದು ಅಪ್ಪ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮರುದಿನ ನಾನು ಪಾಠ ಮಾಡುವ ಕಾಲೇಜಿನ ಉತ್ತರಪತ್ರಿಕೆಗಳ ಕಟ್ಟು ಹಿಡಿದು ಅಂಗಡಿಗೆ ಹೋಗಿ, ಮಿಷನ್ನಿನ ಪಕ್ಕ ಸ್ಟೂಲ್ ಎಳೆದು ಕೂತೆ. ನಾನು ತಿದ್ದಿದೆ, ಅವಳು ಹೊಲಿದಳು. ಮಾತು ಬೇಕಾದಷ್ಟು ಆಡಿದೆವು. ಅವಳು ಎದ್ದಾಗಲೆಲ್ಲ "ಎಲ್ಲಿಗೆ?" ಎನ್ನುತ್ತಿದ್ದೆ, ಎಲ್ಲಿಗೆಂದು ಅವಳಿಗೂ ತಿಳಿಯದೆ ಮತ್ತೆ ಕೂರುತ್ತಿದ್ದಳು. ಹೀಗೇ ದಿನಾಲೂ. ಸೀಸನ್ನಿನ ಕೊನೆಯ ರವಿಕೆ ಮದುವೆಗೆ ಮೂರು ದಿನ ಮೊದಲೇ ಮುಗಿಯಿತು!

ಅಪ್ಪ ಬಂದು ಅದನ್ನು ಎತ್ತಿ, ಎರಡೂ ತೋಳು ಜಗ್ಗಿ ನೋಡಿ, ಮೆಟ್ಟಿಲಿಳಿದು ಹೋದರು. "ಈಗ ಹೇಳು ಬಾಗ್ಲು ಹಾಕು ಅಂತ!" ಎಂದು ಅತ್ತೆ ಹಿಂದಿನಿಂದ ಕೂಗಿದಳು.

ಆಮೇಲೆ ಇದ್ದಕ್ಕಿದ್ದಂತೆ ಅವಳ ದನಿ ಇಳಿಯಿತು.

"ಮಗ್ಳೇ, ದಡ್ಡಿ ಅಂತ ನನ್ನ ಏಳ್ನೇ ಕ್ಲಾಸಿಗೇ ಶಾಲೆ ಬಿಡ್ಸಿದ್ರು. ಆಗ್ಲೂ ಒಬ್ರು ಹೀಂಗೆ ಪಕ್ಕ ಕೂತಿದ್ರೆ, ನಾನೂ ಕಲೀತಿದ್ದೆ ಅಲ್ದಾ?"

ನನಗೆ ಅಳು ಬಂತು. "ನನ್ಗಿಂತ ಹೆಚ್ಚು ಕಲೀತಿದ್ದೆ ಅತ್ತೆ," ಎಂದೆ.

ಅವಳು ನನ್ನ ಕಡೆ ನೋಡಲಿಲ್ಲ. ನಾನು ಕೂತಿದ್ದ ಸ್ಟೂಲನ್ನು ಮಾತ್ರ ತನ್ನ ಹತ್ತಿರಕ್ಕೆ ಇನ್ನಷ್ಟು ಎಳೆದುಕೊಂಡಳು.